ಪತ್ರವೂ ಇಲ್ಲ, ಹಣವೂ ಇಲ್ಲ

2023ರ ಡಿಸೆಂಬರ್ 22ರಂದು ನಾಗಪುರದ ನ್ಯಾಯಾಲಯವು ಸಾವನೇರದ ಶಾಸಕ, ಮಹಾರಾಷ್ಟ್ರದ ಮಾಜಿ ಮಂತ್ರಿ ಸುನೀಲ ಕೇದಾರರಿಗೆ 5 ವರ್ಷಗಳ ಕಠಿಣ ಶಿಕ್ಷೆ ವಿಧಿಸಿತು. ಅವರು ಅಧ್ಯಕ್ಷರಾಗಿದ್ದ ನಾಗಪುರ ಜಿಲ್ಲಾ ಮಧ್ಯವರ್ತಿ ಸಹಕಾರಿ ಬ್ಯಾಂಕಿನ 100 ಕೋಟಿ ರೂಪಾಯಿಗೂ ಮೀರಿದ ಹಣ ಹೂಡಿಕೆ ದಲಾಲರ ಕೈಸೇರಿ ಕರಗಿಹೋದ ಪ್ರಕರಣವಿದು. ಅಧಿಕಾರಿ, ದಲಾಲರು ಸೇರಿ ಇನ್ನೂ ಐವರು ಅಪರಾಧಿಗಳೆಂದು ಸಾಬೀತಾಯಿತು. ಮೊಕದ್ದಮೆ ಹೂಡಿದ್ದು 2002ರಲ್ಲಿ. ತೀರ್ಪಿಗೆ 21 ವರ್ಷ! ಶಾಸಕತ್ವ ಹೋಯಿತು; 2024ರ ಜನವರಿಯಲ್ಲಿ ಉಚ್ಚ ನ್ಯಾಯಾಲಯದಿಂದ ಜಾಮೀನೂ ದೊರೆಯಿತು.

ನನ್ನನ್ನು ಕಾಡುವುದು ಹಣ ಹೋದ ರೀತಿ. ಬ್ಯಾಂಕು ಕೊಳ್ಳಹೊರಟದ್ದು ಯಾವುದೋ ಮಾಯಾಕಂಪನಿಯ ಶೇರುಗಳನ್ನಲ್ಲ, ಸರಕಾರಿ ಸಾಲಪತ್ರಗಳನ್ನು. ಅದಕ್ಕಿಂತ ಭದ್ರವಾದುದು ಈ ದೇಶದಲ್ಲಿ ಬೇರೆ ಏನಿದೆ? ಆದರೆ ದಲಾಲರು ಹಣ ಪಡೆದರು, ಪತ್ರ ಒಪ್ಪಿಸಲಿಲ್ಲ, ಹಣವನ್ನೂ ಮರಳಿಸಲಿಲ್ಲ. ಅವರ ಪೈಕಿ ಹೋಮ್ ಟ್ರೇಡ್ ಎಂಬ ಸಂಸ್ಥೆಯ ಜಾಹೀರಾತುಗಳಲ್ಲಿ ಸಚಿನ್ ತೆಂಡೂಲ್ಕರ್, ಶಾರುಖ್ ಖಾನ್ ಮಿಂಚುತ್ತಿದ್ದರು. ಅಂಥ ಮುಖಗಳ ಮುಂದೆ 'ಪತ್ರವೆಲ್ಲಿ?' ಎಂದು ಕೇಳುವುದು ಸಣ್ಣತನವೆನಿಸಿತೋ ಏನೋ. ಹತ್ತಿ, ಕಿತ್ತಳೆ ಬೆಳೆಯುವ ಸೀಮೆಯ ರೈತರ ಬ್ಯಾಂಕದು.

ಊರು ಬಿಟ್ಟು ಬಂದ ನಮಗೂ ಪತ್ತಿನ ಸಂಘಗಳಿವೆ, ಚೀಟಿಗಳಿವೆ, ನಿವೇಶನದ ಮುಂಗಡಗಳಿವೆ. 'ನಮ್ಮೂರಿನವರೇ ಅಲ್ಲವೆ?' ಎಂಬ ಒಂದು ಮಾತೇ ನಮಗೆ ಜಾಮೀನು. ಆ ಮಾತಿನ ಬಲದಿಂದಲೇ ನಾವು ಪರಊರಿನಲ್ಲಿ ನೆಲೆನಿಂತದ್ದೂ ನಿಜ. ಆದರೆ ಬ್ಯಾಂಕಿನ ಠೇವಣಿಗೆ 2020ರಿಂದ 5 ಲಕ್ಷದವರೆಗೆ ವಿಮೆಯಿದೆ; ಪತ್ತಿನ ಸಂಘಗಳ ಠೇವಣಿಗೆ ಆ ವಿಮೆಯಿಲ್ಲ.

ಬೇರೆಯವರ ಮಾತೇಕೆ? ನಮ್ಮ ಸಂಘದ ಕಟ್ಟಡ ನಿಧಿಗೆ ಸಹಿ ಹಾಕುವ ಮೂವರಲ್ಲಿ ನಾನೊಬ್ಬ. ಈಚೆಗೆ ಈ ತೀರ್ಪಿನ ವಿವರಗಳನ್ನು ಮತ್ತೆ ಓದುವಾಗ ನನ್ನನ್ನೇ ಕೇಳಿಕೊಂಡೆ: ಠೇವಣಿ ರಸೀತಿಯ ಮೂಲಪ್ರತಿಯನ್ನು ನಾನು ಎಂದಾದರೂ ಕಣ್ಣಾರೆ ಕಂಡಿದ್ದೇನೆಯೇ? ಇಲ್ಲ. ಚಹಾ ಕುಡಿಯುತ್ತ ತೋರಿಸಿದಲ್ಲಿ ಸಹಿ ಹಾಕಿದ್ದೇನೆ. ಕೋಶಾಧಿಕಾರಿಗಳು ಪ್ರಾಮಾಣಿಕರು, ಅವರನ್ನು ಕೇಳುವುದು ಅವರಿಗೆ ಅವಮಾನವೆಂದೇ ಭಾವಿಸಿದ್ದೆ. ಕೊನೆಗೂ ಸಂಕೋಚ ಬಿಟ್ಟು ಕೇಳಿದೆ. ಅವರು ನಕ್ಕು, "ಇಷ್ಟು ವರ್ಷ ಯಾರೂ ಕೇಳಲಿಲ್ಲವಲ್ಲ ಎಂಬುದೇ ನನ್ನ ಚಿಂತೆಯಾಗಿತ್ತು ಸ್ವಾಮಿ" ಎಂದರು.

ಬರುವ ಮಹಾಸಭೆಯಲ್ಲಿ ಎಲ್ಲ ಮೂಲ ರಸೀತಿಗಳನ್ನೂ, ಪಾಸುಬುಕ್ಕುಗಳನ್ನೂ ಮೇಜಿನ ಮೇಲಿಡಲು ಕಾರ್ಯಕಾರಿ ಸಮಿತಿ ಒಪ್ಪಿದೆ. ಸದಸ್ಯಬಾಂಧವರು ಊಟದ ಹೊತ್ತಿಗೆ ಬರುವ ರೂಢಿಯನ್ನು ಅದೊಂದು ದಿನ ಬಿಟ್ಟು, ಅರ್ಧ ತಾಸು ಮೊದಲೇ ಬರಬೇಕೆಂದು ವಿನಂತಿ. ಕನ್ನಡಕ ಮರೆಯಬೇಡಿ.