ಹಳೇ ಗಡಿಯಾರಕ್ಕೆ ವಾರ್ನಿಷ್ ಬೇಡಿ ಸ್ವಾಮಿ

ಮೊನ್ನೆ ಗೆಳೆಯರೊಬ್ಬರು ಫೋಟೋ ಕಳಿಸಿದ್ದರು. ಕನೆಕ್ಟಿಕಟ್‌ನ ಗ್ಯಾರೇಜ್ ಸೇಲೊಂದರಲ್ಲಿ ಕೊಂಡ ಹಳೇ ಶೆಲ್ಫ್ ಗಡಿಯಾರ. "ಡಯಲ್ ಮಾಸಿದೆ. ಹೊಸದು ಹಾಕಿಸಿ, ಮರಕ್ಕೆ ವಾರ್ನಿಷ್ ಹೊಡೆದರೆ ಒಳ್ಳೇ ಬೆಲೆ ಬರುತ್ತಾ?" ಅಂತ ಪ್ರಶ್ನೆ. ದಯವಿಟ್ಟು ಮುಟ್ಟಬೇಡಿ ಅಂತ ಒಂದೇ ಸಾಲು ಉತ್ತರಿಸಿದೆ. ಯಾಕೆ ಅಂತ ಇಲ್ಲಿ ಬರೀತೀನಿ.

ನಾನೂ ಇದೇ ತಪ್ಪು ಮಾಡಿದವನೇ. ನನ್ನ ಮೊದಲ ಗಡಿಯಾರ ಒಂದು 'ಓಜಿ'. ಎಸ್ ಅಕ್ಷರದ ಹಾಗೆ ಬಾಗಿದ ಚೌಕಟ್ಟು, ಒಳಗೆ ಎರಡು ತೂಕದ ಗುಂಡು, ದಿನಾ ಕೀ ಕೊಡಬೇಕು. ಹಿಂಬದಿ ಹಲಗೆಗೆ ಅಂಟಿಸಿದ್ದ ಕಾಗದ ಕಂದುಬಣ್ಣಕ್ಕೆ ತಿರುಗಿ, ಹರಿದು ನೇತಾಡ್ತಿತ್ತು. ಕೊಳಕು ಅಂತ ಒದ್ದೆ ಬಟ್ಟೆಯಲ್ಲಿ ಉಜ್ಜಿ ತೆಗೆದೆ! ಆಮೇಲೆ ಗೊತ್ತಾಯ್ತು, ಅದೇ ಗಡಿಯಾರದ ಜಾತಕ. ತಯಾರಿಸಿದವನ ಹೆಸರು, ಊರು ಎಲ್ಲ ಅದರಲ್ಲೇ ಇರೋದು. ಸೆತ್ ಥಾಮಸ್ ಗಡಿಯಾರವನ್ನೇ ತಗೊಳ್ಳಿ. ಲೇಬಲ್‌ನಲ್ಲಿ ಊರು 'ಪ್ಲಿಮತ್ ಹಾಲೋ' ಅಂತಿದ್ದರೆ ಅದು 1860ರ ದಶಕದ ಮಧ್ಯಕ್ಕಿಂತ ಹಿಂದಿನದು. ಆಮೇಲೆ ಆ ಊರಿಗೆ ಅವನ ಹೆಸರನ್ನೇ ಇಟ್ಟು 'ಥಾಮಸ್ಟನ್' ಮಾಡಿದರು. ನನ್ನದು ಯಾರದ್ದೋ, ಇನ್ನು ಗೊತ್ತಾಗೋದಿಲ್ಲ ಬಿಡಿ.

ಬರೀ ವಯಸ್ಸಾಗಿದೆ ಅಂತ ಇವಕ್ಕೆ ಬೆಲೆ ಬರಲ್ಲ. ಎಲಿ ಟೆರ್ರಿ 1816ರಲ್ಲಿ ಶೆಲ್ಫ್ ಗಡಿಯಾರಕ್ಕೆ ಪೇಟೆಂಟ್ ಪಡೆದ. 1830ರ ದಶಕದ ಕೊನೆಗೆ ಚಾನ್ಸಿ ಜೆರೋಮ್ ಅಗ್ಗದ ಹಿತ್ತಾಳೆ ಯಂತ್ರ ತಂದ ಮೇಲಂತೂ ಇವು ರಾಶಿ ರಾಶಿ ತಯಾರಾದವು. ರಾಶಿಯಲ್ಲಿ ಒಂದನ್ನು ಬೇರೆ ಮಾಡಿ ತೋರಿಸೋದು ಅದರ ಮೂಲ ಡಯಲ್, ಮೂಲ ಗಾಜು, ಲೇಬಲ್, ಮುಟ್ಟದ ಮರ. ಒಬ್ಬರ ಪೆಟ್ಟಿಗೆಗೆ ಇನ್ನೊಬ್ಬರ ಯಂತ್ರ ಕೂರಿಸಿ ಮಾರೋರೂ ಇದ್ದಾರೆ. ಸಂಬಂಧವಿಲ್ಲದ ಹಳೇ ತೂತುಗಳು ಕಂಡರೆ ಅನುಮಾನಪಡಿ.

ಇನ್ನೊಂದು ಮಾತು. ಕಪ್ಪು ಮ್ಯಾಂಟಲ್ ಗಡಿಯಾರವನ್ನು ಅಮೃತಶಿಲೆ ಅಂದುಬಿಡ್ತಾರೆ. ಎತ್ತಿ ನೋಡಿ. ಹಗುರವಾಗಿದ್ದರೆ ಮರದ ಮೇಲೆ ಸೆಲ್ಯುಲಾಯ್ಡ್ ಹೊದಿಸಿದ 'ಅಡಮಂಟೈನ್' ಇರಬಹುದು. ಹಾಗೇ ತಳ ನೋಡಿ. ಸೆತ್ ಥಾಮಸ್ ಕಂಪನಿ ಕೆಲವಕ್ಕೆ ಇಸವಿಯನ್ನು ತಿರುಗಿಸಿ ಒತ್ತುತ್ತಿತ್ತು. 8981 ಅಂದರೆ 1898!

ಹಾಗಂತ ಏನೂ ಮಾಡಬಾರದು ಅಂತಲ್ಲ. ಎಣ್ಣೆ ಒಣಗಿದ ಯಂತ್ರ ಓಡಿಸಿದರೆ ಸವೆಯುತ್ತೆ, ಬಲ್ಲವರ ಹತ್ತಿರ ಕ್ಲೀನ್ ಮಾಡಿಸಲೇಬೇಕು. ಮರಕ್ಕೆ ಒಣ ಬಟ್ಟೆ ಸಾಕು.

ಗೆಳೆಯರು ಇನ್ನೂ ಉತ್ತರಿಸಿಲ್ಲ. ವಾರ್ನಿಷ್ ಡಬ್ಬಿ ಆಗಲೇ ತೆರೆದಾಯ್ತೋ ಏನೋ...