ದೂರೇ ತಪ್ಪೊಪ್ಪಿಗೆಯಾದಾಗ

ಅತ್ಯಾಚಾರಕ್ಕೊಳಗಾದವಳು ನ್ಯಾಯ ಕೇಳಲು ಹೋಗಿ ತಾನೇ ಅಪರಾಧಿಯಾಗುವ ಕಾನೂನನ್ನು ಧರ್ಮವೆಂದು ಕರೆಯಬಹುದೇ? ಪಾಕಿಸ್ತಾನವು ಈ ಪ್ರಶ್ನೆಗೆ ಸ್ಪಷ್ಟ ಉತ್ತರ ನೀಡಲು 27 ವರ್ಷಗಳನ್ನು ತೆಗೆದುಕೊಂಡಿತು.

1979ರಲ್ಲಿ ಜನರಲ್ ಜಿಯಾ ಉಲ್ ಹಕ್ ಹೊರಡಿಸಿದ ಹುದೂದ್ ಸುಗ್ರೀವಾಜ್ಞೆಗಳಲ್ಲೊಂದು ವ್ಯಭಿಚಾರ, ಅತ್ಯಾಚಾರಗಳೆರಡನ್ನೂ 'ಜಿನಾ' ಎಂಬ ಒಂದೇ ಶಾಸನದಡಿ ತಂದಿತು. ಆರೋಪಿಯು ತಪ್ಪೊಪ್ಪಿಕೊಳ್ಳದಿದ್ದಲ್ಲಿ, ಗರಿಷ್ಠ ಶಿಕ್ಷೆಗೆ ನಾಲ್ವರು ವಯಸ್ಕ ಮುಸ್ಲಿಂ ಪುರುಷರ ಪ್ರತ್ಯಕ್ಷ ಸಾಕ್ಷ್ಯ ಬೇಕಿತ್ತು. ಬಲಾತ್ಕಾರ ಸಾಬೀತಾಗದಿದ್ದರೆ ದೂರುದಾರಳ ಮಾತೇ ವ್ಯಭಿಚಾರದ ಒಪ್ಪಿಗೆಯೆನಿಸಬಹುದಿತ್ತು. ಆಕೆಯ ಗರ್ಭವೇ ಆಕೆಯ ವಿರುದ್ಧ ಪುರಾವೆಯಾಗಬಹುದಿತ್ತು. 1983ರಲ್ಲಿ ಸಾಹಿವಾಲ್‌ನ ನ್ಯಾಯಾಲಯವೊಂದು ದೃಷ್ಟಿಹೀನಳಾದ ಮನೆಗೆಲಸದ ಯುವತಿಗೆ 3 ವರ್ಷ ಸೆರೆವಾಸ, 15 ಚಡಿಯೇಟು ವಿಧಿಸಿತು, ಆರೋಪಿಗಳು ಬಿಡುಗಡೆಯಾದರು. ಜನಾಕ್ರೋಶದ ಬಳಿಕ ಫೆಡರಲ್ ಶರಿಯತ್ ನ್ಯಾಯಾಲಯವು ಆ ಶಿಕ್ಷೆಯನ್ನು ರದ್ದುಪಡಿಸಿತು.

ವಿಪರ್ಯಾಸವೆಂದರೆ, ಕುರಾನ್ ನಾಲ್ವರು ಸಾಕ್ಷಿಗಳನ್ನು ಕೇಳಿದ್ದು ಸ್ತ್ರೀಯರ ಶೀಲದ ಮೇಲೆ ಅಪವಾದ ಹೊರಿಸುವವರಿಂದ. ಸ್ತ್ರೀಯ ರಕ್ಷಣೆಗಿದ್ದ ನಿಯಮವನ್ನು ಸುಗ್ರೀವಾಜ್ಞೆಯು ಅವಳ ವಿರುದ್ಧವೇ ತಿರುಗಿಸಿತು. ಅಸ್ಮಾ ಜಹಾಂಗೀರ್ ಅವರಂಥ ವಕೀಲರೂ ಮಹಿಳಾ ಸಂಘಟನೆಗಳೂ ದಶಕಗಳ ಕಾಲ ಹೋರಾಡಿದ ಫಲವಾಗಿ 2006ರ ಮಹಿಳಾ ಸಂರಕ್ಷಣಾ ಕಾಯಿದೆಯು ಅತ್ಯಾಚಾರವನ್ನು ಸಾಮಾನ್ಯ ದಂಡಸಂಹಿತೆಗೆ ಮರಳಿಸಿತು. ಅತ್ಯಾಚಾರದ ದೂರನ್ನು ಯಾವ ಹಂತದಲ್ಲಿಯೂ ವ್ಯಭಿಚಾರದ ಮೊಕದ್ದಮೆಯಾಗಿ ಪರಿವರ್ತಿಸಕೂಡದೆಂದೂ ವಿಧಿಸಿತು. ಧರ್ಮಕ್ಕೆ ಅಪಚಾರವಾಯಿತೆಂದು ಅಲ್ಲಿನ ಮತೀಯ ಪಕ್ಷಗಳು ಕೂಗಿದವು. ಅಳಿದದ್ದು ಧರ್ಮವಲ್ಲ, ಧರ್ಮದ ಹೆಸರಿನಲ್ಲಿ ನಡೆದ ಅನ್ಯಾಯದ ಒಂದು ಭಾಗ.

ಭಾರತದಲ್ಲಿ ಅಂಥ ಶಾಸನವಿಲ್ಲವೆಂದು ಜೈನ ಸಮಾಜ ನೆಮ್ಮದಿಯಿಂದಿರುವಂತಿಲ್ಲ. ಮನೆತನದ ಮಾನ, ಸಂಘದ ಗೌರವ, ಗುರುಗಳ ಕೀರ್ತಿ ಇವುಗಳ ಹೆಸರಿನಲ್ಲಿ ಬಾಯಿ ಮುಚ್ಚಿಸುವುದೂ ದೂರಿದವಳಿಗೆ ವಿಧಿಸುವ ಶಿಕ್ಷೆಯೇ. ಅಪಹರಣಕ್ಕೊಳಗಾಗಿ, ಕೌಶಾಂಬಿಯ ಶ್ರೇಷ್ಠಿಯ ಮನೆಯಲ್ಲಿ ಸಂಶಯಕ್ಕೀಡಾಗಿ ಸಂಕೋಲೆ ತೊಟ್ಟ ಚಂದನೆಯ ಕಥೆ ಶ್ರಾವಕರಿಗೆಲ್ಲ ತಿಳಿದದ್ದೇ. ಲೋಕ ಶಂಕಿಸಿದ ಆಕೆಯ ಕೈಯಿಂದಲೇ ಮಹಾವೀರಸ್ವಾಮಿ ಆಹಾರ ಸ್ವೀಕರಿಸಿದರು. ಆಕೆಯೇ ಮುಂದೆ ಆರ್ಯಿಕಾ ಸಂಘದ ನಾಯಕಿಯಾದಳು.

ಈ ಪರಂಪರೆಗೆ ನಿಷ್ಠವಾಗಿರಬೇಕಾದ ಸಮಾಜವು ಮಾಡಬೇಕಾದದ್ದು ಸರಳ. ದೂರು ಬಂದಾಗ ಪಂಚರನ್ನು ಕೂಡಿಸಿ ರಾಜಿ ಮಾಡಿಸದೆ ಪೊಲೀಸ್ ಠಾಣೆಗೆ ದಾರಿ ತೋರಿಸಬೇಕು. ಆರೋಪಿಯು ಶ್ರೀಮಂತನಿರಲಿ, ಪೀಠಸ್ಥನಿರಲಿ, ದೂರಿದವಳ ಬೆನ್ನಿಗೆ ನಿಲ್ಲಬೇಕು. ಸತ್ಯ ನುಡಿದವಳನ್ನು ನೋಯಿಸುವುದು ಹಿಂಸೆ. ಅದನ್ನು ಕಂಡೂ ಸುಮ್ಮನಿರುವುದು ಆ ಹಿಂಸೆಗೆ ನೀಡುವ ಅನುಮೋದನೆ.