‘ಉಳಿದದ್ದು ಬಸದಿಗೆ’ ಎಂಬ ಮಾತು

ತೀರ್ಥಯಾತ್ರೆ ಮುಗಿಸಿ ಮರಳುವ ಬಸ್ಸಿನಲ್ಲಿ, ಊರು ಸಮೀಪಿಸುತ್ತಿರುವಾಗ, ಒಂದು ಮಾತು ತಪ್ಪದೆ ಕೇಳಿಬರುತ್ತದೆ. ಹಣದ ಚೀಲ ಹಿಡಿದ ಹಿರಿಯರು ಎದ್ದು ನಿಂತು, “ಸ್ವಲ್ಪ ಹಣ ಉಳಿದಿದೆ, ಉಳಿದದ್ದು ಬಸದಿಗೆ” ಎನ್ನುತ್ತಾರೆ. ಕೆಲವರು ತಲೆಯಾಡಿಸುತ್ತಾರೆ, ಕೆಲವರು ನಿದ್ರೆಯಲ್ಲಿರುತ್ತಾರೆ, ಒಬ್ಬಿಬ್ಬರು ಜಯಕಾರ ಹಾಕುತ್ತಾರೆ. ಅಲ್ಲಿಗೆ ಲೆಕ್ಕ ಮುಗಿಯಿತೆಂದು ಭಾವಿಸಲಾಗುತ್ತದೆ. ಕಿವಿಗೆ ಇಂಪಾದ ಈ ಮಾತು ಶ್ರಾವಕಧರ್ಮಕ್ಕೆ ವಿರುದ್ಧವಾದುದು ಎಂಬುದೇ ನನ್ನ ವಾದ. ನಮ್ಮ ಬಸದಿಗಳ ಆಡಳಿತ ಮಂಡಳಿಗಳು ಇದನ್ನು ಕೇಳಿ ಸಂತೋಷಪಡುವ ಬದಲು ನಿಲ್ಲಿಸಬೇಕಾಗಿದೆ.

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳಲ್ಲಿ ನಮ್ಮವರ ಮನೆಗಳು ವಿರಳ. ಒಂದೂರಿನಿಂದ ಒಂದು ಬಸ್ಸು ತುಂಬುವುದಿಲ್ಲ. ಆದ್ದರಿಂದ ನಾಲ್ಕು ಕಡೆಯವರೂ ಕೂಡಿ ಹೊರಡುತ್ತಾರೆ. ತಲೆಗೆ ಇಷ್ಟೆಂದು ಮುಂಗಡ ಕೊಡುತ್ತಾರೆ. ಒಬ್ಬರು ಅದನ್ನು ಹಿಡಿದು ಬಸ್ಸಿನ ಬಾಡಿಗೆ, ವಸತಿ, ಊಟ, ಡೋಲಿ, ಪೂಜಾದ್ರವ್ಯ ಎಲ್ಲವನ್ನೂ ನೋಡಿಕೊಳ್ಳುತ್ತಾರೆ. ಮರಳುವಾಗ ಕೃಷ್ಣರಾಜನಗರದಲ್ಲಿ ಕೆಲವರು ಇಳಿಯುತ್ತಾರೆ, ಹುಣಸೂರಿನಲ್ಲಿ ಕೆಲವರು. ಪಿರಿಯಾಪಟ್ಟಣದವರೂ ಕೋಟೆಯವರೂ ಅಲ್ಲಿಂದ ಬೇರೆ ಬೇರೆ ದಾರಿ ಹಿಡಿಯುತ್ತಾರೆ. ಬೆಳಗಿನ ಜಾವದಲ್ಲಿ ಹೀಗೆ ಚದುರಿದ ಜನ ಮತ್ತೆ ಕೂಡುವುದು ಗೊಮ್ಮಟಗಿರಿಯ ಮಸ್ತಕಾಭಿಷೇಕಕ್ಕೋ ಯಾರದೋ ಮನೆಯ ಮದುವೆಗೋ. ಅಷ್ಟರಲ್ಲಿ ಲೆಕ್ಕ ತಣ್ಣಗಾಗಿರುತ್ತದೆ.

ಪರರನ್ನು ದೂರುವ ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ. 2018ರ ಮಹಾಮಸ್ತಕಾಭಿಷೇಕದ ವರ್ಷ ಅಂಥ ಒಂದು ಯಾತ್ರೆಯ ಹಣ ನನ್ನ ಕೈಯಲ್ಲಿತ್ತು. ಧರ್ಮಸ್ಥಳ, ವೇಣೂರು, ಕಾರ್ಕಳ, ಮೂಡುಬಿದಿರೆಗಳ ದರ್ಶನ ಮಾಡಿ ಕೊನೆಗೆ ಶ್ರವಣಬೆಳಗೊಳಕ್ಕೆ ಬಂದು ಹಿಂದಿರುಗಿದೆವು. ನಲವತ್ತೆರಡು ಮಂದಿ, ತಲೆಗೆ 1,500 ರೂಪಾಯಿ, ಒಟ್ಟು 63,000. ಖರ್ಚು ಕಳೆದು 4,620 ರೂಪಾಯಿ ಉಳಿಯಿತು. ನಾನೂ ಆ ಮಾತನ್ನೇ ಹೇಳಿದೆ. ಮರುವಾರ ಹಣವನ್ನು ಬಸದಿಗೆ ಕಟ್ಟಿ, ‘ಯಾತ್ರಾರ್ಥಿಗಳು’ ಎಂಬ ಹೆಸರಿನಲ್ಲಿ ರಸೀದಿ ಪಡೆದು, ನನ್ನ ಪ್ರಾಮಾಣಿಕತೆಗೆ ನಾನೇ ಮೆಚ್ಚಿಕೊಂಡೆ. ತಿಂಗಳ ಬಳಿಕ ಪಿರಿಯಾಪಟ್ಟಣದ ಕಡೆಯ ಒಬ್ಬ ವೃದ್ಧ ಶ್ರಾವಿಕೆ ಮದುವೆಮನೆಯಲ್ಲಿ ಎದುರಾದರು. ಯಾತ್ರೆಯುದ್ದಕ್ಕೂ ಏಕಾಶನ ಮಾಡಿ, ಮೂರು ಹೊತ್ತಿನ ಊಟದ ಹಣವನ್ನು ಪೂರ್ತಿ ಕೊಟ್ಟಿದ್ದವರು. ಎಷ್ಟು ಉಳಿಯಿತೆಂದು ಕೇಳಿದರು. ಹೇಳಿದೆ. ಮನಸ್ಸಿನಲ್ಲೇ ಭಾಗಿಸಿ, “ನೂರಾಹತ್ತು ರೂಪಾಯಿ ನಂದಲ್ವೇನಪ್ಪಾ? ಬಸದಿಗೆ ಕೊಡೋದಾದ್ರೆ ನನ್ನ ಕೈಯಾರೆ ಕೊಡ್ತಿದ್ದೆ. ನೀನು ಕೊಟ್ರೆ ಅದು ಯಾರ ದಾನ ಆಯ್ತು?” ಎಂದರು.

ಆ ಕ್ಷಣ ನನಗೆ ಬಂದದ್ದು ನಾಚಿಕೆಯಲ್ಲ, ಸಿಟ್ಟು. ಮೂರು ದಿನ ನಿದ್ರೆಗೆಟ್ಟು ದುಡಿದವನಿಗೆ ಈ ಪ್ರಶ್ನೆಯೇ ಎನಿಸಿತು. ಮನೆಗೆ ಬಂದು ಶಾಸ್ತ್ರ ತೆರೆದ ಮೇಲೆ ನಾಚಿಕೆಯಾಯಿತು.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅಚೌರ್ಯಾಣುವ್ರತವನ್ನು ವಿವರಿಸುವ ಬಗೆಯನ್ನು ಗಮನಿಸಬೇಕು. ಇಟ್ಟ, ಬಿದ್ದ, ಮರೆತ ಪರಧನವನ್ನು, ಒಡೆಯನು ಬಿಟ್ಟುಕೊಡದಿರುವಾಗ, ವ್ರತಿಯು ತಾನು ತೆಗೆದುಕೊಳ್ಳುವುದಿಲ್ಲ ಎಂಬಲ್ಲಿಗೆ ಅವರು ನಿಲ್ಲುವುದಿಲ್ಲ. ಅದನ್ನು ಇನ್ನೊಬ್ಬರಿಗೆ ಕೊಡುವುದೂ ಇಲ್ಲ ಎನ್ನುತ್ತಾರೆ. ನಾವು ಮರೆತಿರುವುದು ಈ ಎರಡನೆಯ ಭಾಗವನ್ನು. ‘ನಾನೇನು ಜೇಬಿಗೆ ಹಾಕಿಕೊಂಡೆನೇ? ಬಸದಿಗಲ್ಲವೇ ಕೊಟ್ಟದ್ದು?’ ಎಂಬ ನಮ್ಮ ಸಮಾಧಾನಕ್ಕೆ ಆಚಾರ್ಯರು ಅಂದೇ ಬಾಗಿಲು ಮುಚ್ಚಿದ್ದಾರೆ. ಪರರ ಹಣ ಯಾರ ಕೈಗೆ ಹೋಯಿತೆಂಬುದು ಇಲ್ಲಿ ಪ್ರಶ್ನೆಯಲ್ಲ. ಒಡೆಯನು ಬಿಟ್ಟುಕೊಟ್ಟನೇ ಎಂಬುದು ಪ್ರಶ್ನೆ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಇನ್ನೂ ಸೂಕ್ಷ್ಮವಾಗಿದೆ. ಅಲ್ಲಿ ‘ನ್ಯಾಸಾಪಹಾರ’ ಎಂಬ ಅತಿಚಾರವನ್ನು ಹೇಳಿದೆ. ಹಣವನ್ನು ಒಬ್ಬರಲ್ಲಿ ಇಟ್ಟವನು ಮೊತ್ತವನ್ನು ಮರೆತು ಕಡಿಮೆ ಕೇಳಿದಾಗ, ‘ಹೌದು, ಅಷ್ಟೇ’ ಎಂದು ಒಪ್ಪಿಬಿಡುವುದು ನ್ಯಾಸಾಪಹಾರವೆಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸುತ್ತಾರೆ. ಸೂತ್ರಕಾರರು ಇದನ್ನು ಎಣಿಸಿರುವುದು ಅಚೌರ್ಯದ ಅತಿಚಾರಗಳಲ್ಲಿ ಅಲ್ಲ, ಸತ್ಯವ್ರತದ ಅತಿಚಾರಗಳಲ್ಲಿ. ಅಲ್ಲಿ ಬಾಯಿಂದ ಹೊರಟದ್ದು ಒಂದು ಒಪ್ಪಿಗೆ ಮಾತ್ರ, ಆದರೂ ಅದು ಸುಳ್ಳಿನ ಸಾಲಿಗೆ ಸೇರಿತು. ಹಾಗಾದರೆ ಕೇಳದವನಿಗೆ ಏನನ್ನೂ ಹೇಳದೆ ಸುಮ್ಮನಿರುವ ನಮ್ಮ ಮೌನವನ್ನು ಯಾವ ಸಾಲಿನಲ್ಲಿಡೋಣ?

ಅದೇ ಅಧ್ಯಾಯದಲ್ಲಿ ದಾನದ ಲಕ್ಷಣವೂ ಇದೆ. ಅನುಗ್ರಹಕ್ಕಾಗಿ ಬಿಟ್ಟುಕೊಡುವ ಆ ವಸ್ತು ತನ್ನದಾಗಿರಬೇಕು ಎಂಬುದು ಆ ಲಕ್ಷಣದೊಳಗೇ ಸೇರಿದೆ. ಪರರದನ್ನು ಕೊಟ್ಟರೆ ಹಣ ಸ್ಥಳ ಬದಲಿಸೀತು, ದಾನವಾಗದು. ಆ ವೃದ್ಧೆಯ ಪ್ರಶ್ನೆಯಲ್ಲಿ ಇದೇ ಅಡಗಿತ್ತು. ನಾನು ಅವರಿಂದ ಕಸಿದದ್ದು ನೂರಹತ್ತು ರೂಪಾಯಿಯನ್ನಷ್ಟೇ ಅಲ್ಲ, ಕೊಡುವ ಅವಕಾಶವನ್ನೂ ಕಸಿದಿದ್ದೆ. ನಮ್ಮ ನಾಡಿನ ದಾನಶಾಸನಗಳನ್ನು ನೋಡಿರಿ. ಕೊಟ್ಟವರು ಯಾರು, ಕೊಟ್ಟದ್ದು ಏನು, ಅದರ ಎಲ್ಲೆ ಯಾವುದು ಎಂಬುದನ್ನು ಕಲ್ಲಿನಲ್ಲಿ ಕೊರೆದಿಟ್ಟಿದ್ದಾರೆ. ಚಿಕ್ಕಹನಸೋಗೆಯ ಮೂರು ಗರ್ಭಗೃಹಗಳ ಬಸದಿಯಂಥ ಪ್ರಾಚೀನ ಸ್ಥಾನ ನಮ್ಮ ನೆರೆಯಲ್ಲೇ ಇರುವಾಗ, ‘ಯಾತ್ರಾರ್ಥಿಗಳು’ ಎಂಬ ಹೆಸರಿಲ್ಲದ ರಸೀದಿಗೆ ನಾವು ತೃಪ್ತರಾಗಬಹುದೇ?

ಈಗ ಒಂದು ಹೋಲಿಕೆ ಕೊಡುತ್ತೇನೆ. ಧರ್ಮಪತ್ರಿಕೆಗೆ ಇದು ಹೊಂದದೆಂದು ಕೆಲವರಿಗೆ ತೋರಬಹುದು. ನಮ್ಮ ಯುವಕರು ಮುಂಬಯಿಯಿಂದ ಹೊರಡುವ ವಿಹಾರನೌಕೆಗಳಲ್ಲಿ ಪ್ರವಾಸ ಹೋಗತೊಡಗಿದ್ದಾರೆ. ಆ ಭೋಗವನ್ನು ನಾನು ಹೊಗಳಲಾರೆ. ಆದರೆ ಅಲ್ಲಿನ ಲೆಕ್ಕದ ಪದ್ಧತಿ ನಮ್ಮನ್ನು ನಾಚಿಸುವಂತಿದೆ. ಹಡಗಿನಲ್ಲಿ ನಗದು ನಡೆಯುವುದಿಲ್ಲ. ಹತ್ತಿದೊಡನೆ ಪ್ರತಿಯೊಬ್ಬರಿಗೂ ಒಂದು ಕಾರ್ಡು. ಒಂದು ಕೋಣೆಯವರು ಒಂದೇ ಖಾತೆಯಲ್ಲಿ ಖರ್ಚು ಮಾಡಬಹುದು, ಬೇಡವೆಂದರೆ ಬೇರೆ ಬೇರೆ ಖಾತೆ ತೆರೆಯಬಹುದು. ಯಾರ ಖರ್ಚನ್ನು ಯಾರು ಹೊರುತ್ತಾರೆಂಬುದು ಮೊದಲೇ ತೀರ್ಮಾನವಾಗಿರುತ್ತದೆ. ಗುಂಪಿನಲ್ಲಿ ಬಂದವರಿಗೆ ಕಂಪನಿ ಅಥವಾ ಏಜೆಂಟರು ಖರ್ಚಿಗೆಂದು ಒಂದಿಷ್ಟು ಮೊತ್ತವನ್ನು ಖಾತೆಗೆ ಜಮಾ ಮಾಡುವುದೂ ಉಂಟು. ಅದರಲ್ಲಿ ಕೆಲವು ಬಗೆಯದು ಉಳಿದರೆ ಮರಳಿ ಸಿಗುತ್ತದೆ, ಕೆಲವು ಬಗೆಯದು ಕೊನೆಯ ರಾತ್ರಿಯೊಳಗೆ ಖರ್ಚಾಗದಿದ್ದರೆ ಕಳೆದುಹೋಗುತ್ತದೆ. ಯಾವುದು ಯಾವ ಬಗೆಯೆಂಬುದು ಷರತ್ತಿನಲ್ಲಿ ಬರೆದಿರುತ್ತದೆ. ಯಾನ ಮುಗಿಯುವ ಮುನ್ನ ಪೂರ್ಣ ಲೆಕ್ಕ ಪ್ರಯಾಣಿಕನಿಗೆ ಸಿಗುತ್ತದೆ. ತಪ್ಪಿದ್ದರೆ ಇಳಿಯುವ ಮೊದಲೇ ಕೇಳಬಹುದು.

ಲಾಭಕ್ಕಾಗಿ ಹಡಗು ನಡೆಸುವ ವ್ಯಾಪಾರಿ, ಪ್ರಯಾಣಿಕ ಇಳಿಯುವ ಮೊದಲು ಲೆಕ್ಕ ಒಪ್ಪಿಸುತ್ತಾನೆ. ಪುಣ್ಯಕ್ಕಾಗಿ ಬಸ್ಸು ಹೊರಡಿಸುವ ನಾವು ಜನ ಇಳಿದ ಮೇಲೆಯೂ ಒಪ್ಪಿಸುವುದಿಲ್ಲ. ದೂರದ ಹಡಗಿನ ಮಾತು ಬೇಡವೆನ್ನುವವರು ಹುಣಸೂರು, ಪಿರಿಯಾಪಟ್ಟಣ, ಕೋಟೆಗಳ ತಂಬಾಕು ಹರಾಜು ಮಾರುಕಟ್ಟೆಗಳನ್ನೇ ನೋಡಲಿ. 1984ರಲ್ಲಿ ಕರ್ನಾಟಕದಲ್ಲಿ ತಂಬಾಕು ಮಂಡಳಿಯ ಹರಾಜು ಆರಂಭವಾಯಿತು. ಅಂದಿನಿಂದ ಬೇಲು ಬೇಲಿಗೂ ತೂಕವೆಷ್ಟು, ಬೆಲೆಯೆಷ್ಟು ಎಂಬುದು ರೈತನ ಎದುರೇ ನಿಶ್ಚಯವಾಗುತ್ತದೆ. ಆ ಬೆಳೆಯನ್ನು ನಮ್ಮ ಧರ್ಮ ಮೆಚ್ಚದು. ಮೆಚ್ಚದ ವ್ಯಾಪಾರದಲ್ಲಿ ಇರುವ ಬಿಚ್ಚುಲೆಕ್ಕ ಮೆಚ್ಚುವ ಯಾತ್ರೆಯಲ್ಲಿ ಇಲ್ಲದಿರುವುದು ಸರಿಯೇ?

ಇದಕ್ಕೆ ಬರುವ ಆಕ್ಷೇಪಗಳನ್ನು ನಾನು ಬಲ್ಲೆ. ಒಂದು ಕಾಲಕ್ಕೆ ನಾನೇ ಅವನ್ನು ಹೇಳುತ್ತಿದ್ದೆ.

‘ಮೊತ್ತ ಅಲ್ಪ, ಅದನ್ನು ಹಂಚುವುದೇ?’ ಎನ್ನುತ್ತಾರೆ. ಅಲ್ಪವೋ ಅಧಿಕವೋ ಎಂದು ಹೇಳುವ ಅಧಿಕಾರ ಕೊಟ್ಟವರದು, ಹಿಡಿದವರದಲ್ಲ. ಅಂಗಡಿಯುಳ್ಳವನಿಗೆ ನೂರಹತ್ತು ಅಲ್ಪ. ಮಗ ಕಳುಹಿಸುವ ಹಣದಲ್ಲಿ ಬದುಕುವ ವಿಧವೆಗೆ ಅದು ಅಲ್ಪವಲ್ಲ.

‘ಯಾರೂ ಕೇಳಲಿಲ್ಲವಲ್ಲ’ ಎನ್ನುತ್ತಾರೆ. ಬಸದಿಯ ಹೆಸರು ಎತ್ತಿದ ಮೇಲೆ ಕೇಳುವ ಧೈರ್ಯ ಯಾರಿಗುಂಟು? ‘ನನ್ನ ಪಾಲು ನನಗೆ ಕೊಡಿ’ ಎಂದವನು ಜಿನಮಂದಿರದ ದ್ವೇಷಿಯೆಂಬಂತೆ ನಾಲ್ಕು ಜನರ ನಡುವೆ ಸಣ್ಣವನಾಗುತ್ತಾನೆ. ದೇವರ ಹೆಸರಿನಿಂದ ಬಾಯಿ ಕಟ್ಟಿ ಪಡೆದ ಒಪ್ಪಿಗೆ ಒಪ್ಪಿಗೆಯಲ್ಲ. ಅದರಲ್ಲಿ ಹಿಂಸೆಯ ಅಂಶವೂ ಇದೆ.

‘ಕಡಿಮೆ ಬಿದ್ದಾಗ ಕೈಯಿಂದ ಹಾಕುವವನು ನಾನಲ್ಲವೇ?’ ಎನ್ನುತ್ತಾರೆ. ಇದು ಅತ್ಯಂತ ಪ್ರಾಮಾಣಿಕವಾದ ಆಕ್ಷೇಪ. ಅನೇಕ ಹಿರಿಯರು ಸದ್ದಿಲ್ಲದೆ ಸ್ವಂತ ಹಣ ಸುರಿದಿದ್ದಾರೆ. ಅವರಿಗೆ ನಮಸ್ಕಾರ. ಆದರೆ ಗುಟ್ಟಾಗಿ ಹಾಕಿದ ಹಣ ಮುಂದೆ ಗುಟ್ಟಾಗಿ ಉಳಿಸಿಕೊಳ್ಳಲು ದಾರಿ ಮಾಡುತ್ತದೆ. ಕಡಿಮೆ ಬಿದ್ದರೆ ಅದನ್ನೂ ಎಲ್ಲರೆದುರು ಹೇಳಿ ಎಲ್ಲರಿಂದ ಪಡೆಯಲಿ. ತಾನೇ ಕೊಡುವುದಾದರೆ ದಾನವೆಂದು ಬರೆಸಿ ಕೊಡಲಿ.

‘ಲೆಕ್ಕ ಕೇಳುವುದು ಹಿರಿಯರಿಗೆ ಅವಮಾನ’ ಎನ್ನುತ್ತಾರೆ. ಕೇಳುವ ತನಕ ಕಾಯುವುದರಿಂದ ಅದು ಅವಮಾನವಾಗುತ್ತದೆ. ಕೇಳುವ ಮೊದಲೇ ಒಪ್ಪಿಸಿದರೆ ಅದೇ ಗೌರವ.

ಇನ್ನು ಯಾರೂ ಬಾಯಿಬಿಡದ ವಿಷಯವೊಂದಿದೆ. ಇಷ್ಟು ಟಿಕೆಟ್ಟಿಗೆ ಒಂದು ಉಚಿತವೆಂದು ಟ್ರಾವೆಲ್ಸ್‌ನವರು ಕೊಡುವ ಸೀಟು, ಹೋಟೆಲಿನವರು ಬಿಡುವ ರಿಯಾಯಿತಿ, ರದ್ದಾದ ರೈಲು ಟಿಕೆಟ್ಟಿನಿಂದ ಮುಂದೆಂದೋ ಒಬ್ಬರ ಖಾತೆಗೆ ಮರಳುವ ಹಣ ಇವೆಲ್ಲ ಯಾರವು? ನಲವತ್ತು ಜನ ಕೂಡಿದ್ದರಿಂದ ಹುಟ್ಟಿದ ಲಾಭ ನಲವತ್ತು ಜನರದು. ಈಗ ಮುಂಗಡ ಬಂದು ಸೇರುವುದೂ ಒಬ್ಬರ ಮೊಬೈಲಿಗೆ. ಮನೆಯ ಹಣ, ಅಂಗಡಿಯ ಹಣ, ಯಾತ್ರೆಯ ಹಣ ಒಂದೇ ಖಾತೆಯಲ್ಲಿ ಬೆರೆತು, ಯಾವುದು ಯಾರದೆಂದು ಹಿಡಿದವನಿಗೇ ಗುರುತು ಸಿಗದಾಗುತ್ತದೆ.

ಆದ್ದರಿಂದ ನಾಲ್ಕು ತಾಲ್ಲೂಕುಗಳ ಬಸದಿ ಟ್ರಸ್ಟುಗಳಿಗೆ ನನ್ನ ವಿನಂತಿ ಇಷ್ಟು. ಯಾತ್ರೆ ಹೊರಡುವ ಮುನ್ನವೇ ಒಂದು ಹಾಳೆಯಲ್ಲಿ ಎಲ್ಲರಿಗೂ ಸೇರಿದ ಖರ್ಚು ಯಾವುದು, ಅವರವರದು ಯಾವುದು ಎಂದು ಬರೆದು ಓದಿರಿ. ಉಪವಾಸ, ಏಕಾಶನ ಮಾಡುವವರ ಊಟದ ಭಾಗವನ್ನು ಬೇರೆಯೇ ತೆಗೆಯಿರಿ. ಹಣ ಹಿಡಿಯುವವರು ಒಬ್ಬರು, ಲೆಕ್ಕ ಬರೆಯುವವರು ಇನ್ನೊಬ್ಬರು ಇರಲಿ. ಬಸದಿಯ ಹುಂಡಿಯಿಂದ ಯಾತ್ರೆಗೆ ಕೈಗಡ ಕೊಡಬೇಡಿರಿ. ದೇವರಿಗೆ ಅರ್ಪಿತವಾದುದು ನಮ್ಮ ಪ್ರಯಾಣದ ಬಂಡವಾಳವಲ್ಲ. ಮರಳುವಾಗ, ಕೃಷ್ಣರಾಜನಗರದಲ್ಲಿ ಮೊದಲ ಕುಟುಂಬ ಇಳಿಯುವ ಮುನ್ನ, ಲೆಕ್ಕ ಓದಿ ಉಳಿಕೆಯನ್ನು ಕೈಗೆ ಕೊಡಿರಿ. ತಡವಾಗಿ ಬರುವ ಹಣವಿದ್ದರೆ ಎಷ್ಟು ಬರಬೇಕೆಂದು ಅಲ್ಲಿಯೇ ಹೇಳಿರಿ. ಬಸದಿಗೆ ಕೊಡಬೇಕೆನ್ನುವವರು ಅನಂತರ ತಮ್ಮ ಕೈಯಾರೆ, ತಮ್ಮ ಹೆಸರಿನಲ್ಲಿ ಕೊಡಲಿ. ‘ಯಾತ್ರೆಯ ಉಳಿಕೆ’ ಎಂದು ಹಣ ತಂದವರಿಂದ ಟ್ರಸ್ಟಿನವರು, ಹೆಸರುಗಳ ಪಟ್ಟಿಯೂ ಅವರವರ ಸಮ್ಮತಿಯೂ ಇಲ್ಲದೆ, ಸ್ವೀಕರಿಸಬಾರದು. ಬಸದಿಗೆ ಆದಾಯ ಕಡಿಮೆಯಾದೀತೆಂಬ ಭಯ ಬೇಡ. ಕೊಟ್ಟವನಿಗೇ ತಿಳಿಯದೆ ಬಂದ ಹಣದಿಂದ ಜಿನಮಂದಿರದ ದೀಪ ಉರಿಯಬೇಕಾಗಿಲ್ಲ.

ನಂಬಿಕೆದ್ರೋಹಕ್ಕೆ ಶಿಕ್ಷೆ ವಿಧಿಸುವ ಕಾನೂನು ದೇಶದಲ್ಲಿದೆ. ಅದು ಕೇಳುವುದು ಅಪ್ರಾಮಾಣಿಕ ಉದ್ದೇಶವಿತ್ತೇ ಎಂದು. ನನ್ನಂಥವನು ಅಲ್ಲಿ ಸುಲಭವಾಗಿ ಪಾರಾಗುತ್ತಾನೆ. ಆದರೆ ವ್ರತವು ಕೇಳುವುದು ಅಷ್ಟನ್ನೇ ಅಲ್ಲ. ಪ್ರಮಾದವನ್ನೂ ಅದು ಕೇಳುತ್ತದೆ.

ಆ ಶ್ರಾವಿಕೆಗೆ ನಾನು ನೂರಹತ್ತು ರೂಪಾಯಿಗಳನ್ನು ಸ್ವಂತ ಹಣದಿಂದ ಕೊಟ್ಟೆ. ಉಳಿದವರಿಗೂ ಒಂದು ವರ್ಷದೊಳಗೆ ಮುಟ್ಟಿಸಿದೆ. ಕೆಲವರು ನಕ್ಕರು, ಕೆಲವರು ಬೇಡವೆಂದರು, ಇಬ್ಬರು ತೀರಿಕೊಂಡಿದ್ದುದರಿಂದ ಅವರ ಮಕ್ಕಳಿಗೆ ಕೊಟ್ಟೆ. ಆ ಶ್ರಾವಿಕೆ ಮಾತ್ರ ಹಣವನ್ನು ಎಣಿಸಿ ಸೆರಗಿನಲ್ಲಿ ಕಟ್ಟಿಕೊಂಡರು. ಮುಂದಿನ ಅಷ್ಟಮಿಯಂದು ಅದನ್ನೇ ತಂದು ಬಸದಿಗೆ ಕೊಟ್ಟು, ತಮ್ಮ ಹೆಸರಿನಲ್ಲಿ ರಸೀದಿ ಬರೆಸಿಕೊಂಡರು.